ಕಡಲಂಚಿನ ಕಾಲುದಾರಿಯೂ ಸರಿಯುವ ಹಕ್ಕೂ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಸಾಮರ್‌ಸೆಟ್ ಕೌಂಟಿಯ ಮೈನ್‌ಹೆಡ್ ಎಂಬ ಊರಿನಿಂದ ಹೊರಡುವ ಕಾಲುದಾರಿಯೊಂದುಂಟು. ಅದು ಡೆವನ್ನಿನ ಉತ್ತರ ತೀರವನ್ನು ಹಿಡಿದು ಕಾರ್ನ್‌ವಾಲನ್ನು ಸುತ್ತುವರಿದು, ಡೆವನ್ನಿನ ದಕ್ಷಿಣ ತೀರಕ್ಕೆ ಮರಳಿ, ಕೊನೆಗೆ ಡಾರ್ಸೆಟ್ಟಿನ ಪೂಲ್ ಬಂದರದ ಬಾಯಿಯಲ್ಲಿ ಮುಗಿಯುತ್ತದೆ. ಮೊದಲಿನಿಂದ ಕೊನೆಯವರೆಗೆ ಇದರ ಉದ್ದ 630 ಮೈಲಿ, ಎಂದರೆ ಸುಮಾರು 1,014 ಕಿಲೋಮೀಟರು. ಹೊರಟ ಊರಿಗೂ ಸೇರಿದ ಊರಿಗೂ ನಡುವೆ ಹಕ್ಕಿ ಹಾರುವ ದೂರ ನೂರು ಮೈಲಿಯನ್ನೂ ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಹತ್ತಬೇಕಾದ ಏರುಗಳನ್ನೆಲ್ಲ ಕೂಡಿದರೆ 35,000 ಮೀಟರುಗಳಾಗುತ್ತವೆ. ಎವರೆಸ್ಟಿನ ನೆತ್ತಿಯನ್ನು ಸಮುದ್ರಮಟ್ಟದಿಂದ ನಾಲ್ಕು ಸಲ ಹತ್ತಿದಷ್ಟೇ ಸರಿ. ಬುದ್ಧಿವಂತನಾದ ಯಾವ ಪ್ರಯಾಣಿಕನೂ ಊರಿಂದೂರಿಗೆ ಹೋಗಲು ಇಂತಹ ದಾರಿಯನ್ನು ಕಟ್ಟಿಕೊಳ್ಳಲಾರನು. ಇದು ಪ್ರಯಾಣಕ್ಕಾಗಿ ಆದ ದಾರಿಯೇ ಅಲ್ಲ. ಇದರ ವಕ್ರಗತಿಗೆ ಕಾರಣ ಇದರ ಹುಟ್ಟಿನಲ್ಲಿದೆ. ಇದನ್ನು ತಿದ್ದಿ ವಿಸ್ತರಿಸುವ ಕೆಲಸ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಮುಗಿಯದಿರುವುದಕ್ಕೆ ಕಾರಣ ಇದು ತುಳಿಯುವ ನೆಲದಲ್ಲಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೊರದೇಶದ ಸರಕುಗಳ ಮೇಲೆ ಸುಂಕ ವಿಪರೀತವಾಗಿತ್ತು. ಚೀನಾದಿಂದ ಈಸ್ಟ್ ಇಂಡಿಯಾ ಕಂಪೆನಿ ತರುತ್ತಿದ್ದ ಚಹದ ಮೇಲಿನ ತೆರಿಗೆ ಶೇಕಡ 119ರವರೆಗೆ ಏರಿತ್ತು. ಬೆಲೆಗಿಂತ ಸುಂಕವೇ ಹೆಚ್ಚಾದಲ್ಲಿ ಕಳ್ಳಸಾಗಣೆ ಒಂದು ಗೃಹಕೈಗಾರಿಕೆಯಾಗುವುದು ಆಶ್ಚರ್ಯವಲ್ಲ. 1784ರಲ್ಲಿ ಪ್ರಧಾನಿ ಪಿಟ್ಟನು ಚಹದ ಸುಂಕವನ್ನು ಶೇಕಡ 12½ಕ್ಕೆ ಇಳಿಸಿ, ಆ ನಷ್ಟವನ್ನು ಮನೆಯ ಕಿಟಕಿಗಳ ಮೇಲಿನ ತೆರಿಗೆಯಿಂದ ತುಂಬಿಕೊಂಡನು. ಚಹದ ಕಳ್ಳವ್ಯಾಪಾರ ಬಿದ್ದುಹೋಯಿತು. ಆದರೆ ಬ್ರಾಂದಿ, ಹೊಗೆಸೊಪ್ಪುಗಳದು ನಿಲ್ಲಲಿಲ್ಲ. ನೆಪೋಲಿಯನ್ನನ ಯುದ್ಧಗಳು ಸುಂಕವನ್ನು ಮತ್ತೆ ಹೆಚ್ಚಿಸಿದುವು. ಫ್ರಾನ್ಸಿನ ತೀರಕ್ಕೆ ಎದುರಾಗಿರುವ, ಸಾವಿರ ಕೊಲ್ಲಿಗಳಿಂದ ಹರಿದು ಹೋದ ಈ ನೈಋತ್ಯ ಕರಾವಳಿ ಆ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿತ್ತು. 1809ರಲ್ಲಿ ತಡೆಗಾವಲಿನ ದೋಣಿಪಡೆಯೊಂದನ್ನು ಸರಕಾರ ಕಟ್ಟಿತು. 1822ರಲ್ಲಿ ಅದನ್ನೂ, ಸುಂಕದ ಹಡಗುಗಳನ್ನೂ, ಕುದುರೆಯೇರಿ ತೀರ ಸುತ್ತುವ ಅಧಿಕಾರಿಗಳನ್ನೂ ಒಂದುಗೂಡಿಸಿ ಕರಾವಳಿ ಕಾವಲುದಳವೆಂಬ ಸಂಸ್ಥೆ ಹುಟ್ಟಿತು.

ಈ ದಳದ ಕಾವಲುಗಾರನ ಕೆಲಸ ಸರಳವಾದದ್ದು, ಆದರೆ ಕಠಿನವಾದದ್ದು. ತನ್ನ ಠಾಣ್ಯದಿಂದ ಮುಂದಿನ ಠಾಣ್ಯದವರೆಗೆ ಹಗಲಿರುಳೂ ಕಡಲಬಂಡೆಯ ಅಂಚಿನಲ್ಲಿ ನಡೆಯಬೇಕು. ಪ್ರತಿಯೊಂದು ಕೊಲ್ಲಿಯೊಳಕ್ಕೂ, ಪ್ರತಿಯೊಂದು ಬಂಡೆಯ ಸಂದಿಗೂ ಇಣಿಕಿ ನೋಡಬೇಕು. ಅಂಚಿನಿಂದ ಇಪ್ಪತ್ತು ಮಾರು ಹಿಂದೆ ನಡೆದರೆ ಕೆಳಗಿನ ಮರಳಿನಲ್ಲಿ ಇಳಿಸುತ್ತಿರುವ ಪೀಪಾಯಿ ಕಾಣಿಸದು. ಇಂದಿನ ವಿಹಾರಿ ಬೆವರಿ ಬೈದುಕೊಳ್ಳುತ್ತ ಅನುಸರಿಸುವ ತಿರುವುಮುರುವುಗಳೆಲ್ಲ ಆ ಇಣುಕುನೋಟದ ಗುರುತುಗಳು. ಊರಿನವರೊಂದಿಗೆ ಬಳಕೆ ಬೆಳೆದು ಕಾವಲುಗಾರನ ಕಣ್ಣು ಮಂಜಾಗಬಾರದೆಂದು ಅವನನ್ನು ಅವನ ಹುಟ್ಟೂರಿನ ಬಳಿ ನೇಮಿಸುತ್ತಿರಲಿಲ್ಲ. ವಾಸಕ್ಕೆ ಸಾಲುಮನೆಗಳನ್ನು ಬೇರೆಯಾಗಿ ಕಟ್ಟಿಕೊಡುತ್ತಿದ್ದರು. ಹೀಗೆ ಈ ದಾರಿಯನ್ನು ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದವರು ಆ ನೆಲಕ್ಕೆ ಪರಕೀಯರಾಗಿದ್ದರೆಂಬುದು ಸ್ವಾರಸ್ಯದ ಸಂಗತಿ.

ಆದರೂ ದಾರಿಯೆಲ್ಲ ಕಾವಲುಗಾರರ ಸೃಷ್ಟಿಯೇ ಎಂಬ ಪ್ರಚಲಿತವಾದ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ಕಾರ್ನ್‌ವಾಲಿನ ನ್ಯೂಕೀ ಎಂಬಲ್ಲಿ ಬಂಡೆಯ ಮೇಲೆ ಸುಣ್ಣ ಬಳಿದ ಪುಟ್ಟ ಗುಡಿಯಂತಹ ಕಟ್ಟಡವೊಂದಿದೆ. ಅಲ್ಲಿ ಕುಳಿತ ಕೂಗುಗಾರನು ಕಡಲಿನ ಮೈ ಕಪ್ಪಾದುದನ್ನು ಕಂಡು, ಪಿಲ್ಚರ್ಡ್ ಮೀನಿನ ಹಿಂಡು ಬಂತೆಂದು ದೋಣಿಗಳಿಗೆ ಸಾರುತ್ತಿದ್ದನು. ಅವನಿಗೂ ಒಂದು ಕಾಲುಹಾದಿ ಬೇಕಿತ್ತು. ಬೊಟಾಲಕ್ಕಿನಲ್ಲಿ ಕಡಲಿನ ಅಡಿಯವರೆಗೂ ತವರ ತಾಮ್ರಗಳನ್ನು ಅಗೆಯುತ್ತಿದ್ದ ಗಣಿಗಾರರಿಗೂ ಬೇಕಿತ್ತು. ದಡಕ್ಕೆ ಬಂದ ಕಡಲಕಳೆಯನ್ನು ಹೊಲಕ್ಕೆ ಹೊರುವ ಒಕ್ಕಲಿಗನಿಗೂ ಬೇಕಿತ್ತು. ಕಾವಲುದಳ ಮಾಡಿದ್ದು ಈ ತುಂಡು ಹಾದಿಗಳನ್ನು ಒಂದಕ್ಕೊಂದು ಹೊಲಿದ ಕೆಲಸವೆಂದರೆ ಹೆಚ್ಚು ಯುಕ್ತವಾದೀತು.

ಈ ಹೊಲಿಗೆ ಬಿಚ್ಚಿಕೊಳ್ಳಲು ಬಹಳ ಕಾಲ ಹಿಡಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುಂಕಗಳು ಇಳಿದುವು, ಕಳ್ಳಸಾಗಣೆ ಕ್ಷೀಣಿಸಿತು, 1856ರಲ್ಲಿ ಕಾವಲುದಳ ನೌಕಾಡಳಿತದ ವಶಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕ್ರಮಬದ್ಧವಾದ ಕಾಲ್ಗಾವಲು ನಿಂತೇಹೋಯಿತು. ನಡೆಯುವವರಿಲ್ಲದ ದಾರಿಯನ್ನು ಮುಳ್ಳುಪೊದೆ ಮುಚ್ಚಿತು. ಕೆಲವೆಡೆ ಶ್ರೀಮಂತರ ತೋಟದ ಗೋಡೆ ಅಡ್ಡಬಂದಿತು. ಎರಡನೆಯ ಮಹಾಯುದ್ಧದಲ್ಲಿ ಮುಳ್ಳುತಂತಿಯೂ ಸಿಡಿಗುಂಡುಗಳೂ ತೀರವನ್ನು ಆವರಿಸಿದುವು. ಡಾರ್ಸೆಟ್ಟಿನ ಟೈನಮ್ ಎಂಬ ಹಳ್ಳಿಯನ್ನು 1943ರ ಡಿಸೆಂಬರಿನಲ್ಲಿ ಸೈನ್ಯದ ಗುಂಡಿನ ಅಭ್ಯಾಸಕ್ಕೆಂದು ತೆರವು ಮಾಡಿಸಿದರು. ಹಳ್ಳಿಗರು ಮರಳಿ ಬರಲೇ ಇಲ್ಲ. ಇಂದಿಗೂ ಲಲ್‌ವರ್ತಿನ ಆ ಪ್ರದೇಶದಲ್ಲಿ ಕಾಲುದಾರಿ ತೆರೆದಿರುವುದು ಬಹುಪಾಲು ವಾರಾಂತ್ಯಗಳಲ್ಲಿ ಮತ್ತು ರಜೆಗಳಲ್ಲಿ ಮಾತ್ರ. ಮಿಕ್ಕ ದಿನಗಳಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನಡೆಯುವವನು ಒಳನಾಡನ್ನು ಬಳಸಿ ಹೋಗಬೇಕು.

ಅದೇ 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಭೂಗೋಳಶಾಸ್ತ್ರಜ್ಞನಾದ ಸ್ಟಿಯರ್ಸ್ ಎಂಬವನು ಸರಕಾರದ ಕೋರಿಕೆಯಂತೆ ಇಂಗ್ಲೆಂಡು ಮತ್ತು ವೇಲ್ಸುಗಳ ಕರಾವಳಿಯ ಸಮೀಕ್ಷೆಯನ್ನು ಕೈಕೊಂಡನು. ಬಾಂಬುಗಳ ಕೆಳಗಿದ್ದ ಒಂದು ರಾಷ್ಟ್ರ ತನ್ನ ಕಡಲಂಚಿನ ಚೆಲುವಿನ ಲೆಕ್ಕ ತೆಗೆಯಿಸಿತೆಂಬುದು ಗಮನಾರ್ಹ. ಇದಕ್ಕೆ ಮೊದಲೇ, 1935ರಲ್ಲಿ, ಪತ್ರಿಕಾಕರ್ತನಾದ ಟಾಮ್ ಸ್ಟೀವನ್‌ಸನ್ನನು ಪೆನೈನ್ ಬೆಟ್ಟಸಾಲಿನ ಉದ್ದಕ್ಕೂ ಒಂದು ದೀರ್ಘಪಥ ಬೇಕೆಂದು ಬರೆದು ಜನಾಭಿಪ್ರಾಯವನ್ನು ಎಬ್ಬಿಸಿದ್ದನು. 1945ರ ಡವರ್ ವರದಿ, 1947ರ ಹಾಬ್‌ಹೌಸ್ ಸಮಿತಿಯ ಶಿಫಾರಸುಗಳು ಇವೆಲ್ಲವುಗಳ ಫಲವಾಗಿ 1949ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಪ್ರದೇಶ ಪ್ರವೇಶದ ಕಾಯಿದೆ ಜಾರಿಗೆ ಬಂದಿತು.

ಈ ಕಾಯಿದೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡತಕ್ಕುದು ಅವಶ್ಯ. ಇಂಗ್ಲೆಂಡಿನ ನ್ಯಾಯದಲ್ಲಿ ಕಾಲುದಾರಿಯೆಂಬುದು ಬರಿಯ ನೆಲದ ಗುರುತಲ್ಲ, ಅದೊಂದು ಹಕ್ಕು. ನೆಲ ಯಾರದೇ ಆಗಿರಲಿ, ಅದರ ಮೇಲೆ ಹಾದುಹೋಗುವ ಹಕ್ಕು ಸಾರ್ವಜನಿಕರದು. 1949ರ ಕಾಯಿದೆ ಪ್ರತಿಯೊಂದು ಕೌಂಟಿಯೂ ತನ್ನ ಎಲ್ಲೆಯೊಳಗಿನ ಇಂತಹ ಹಕ್ಕಿನ ದಾರಿಗಳನ್ನು ನಕ್ಷೆಯಲ್ಲಿ ಬರೆದು ಸ್ಥಿರಪಡಿಸಬೇಕೆಂದು ವಿಧಿಸಿತು. ದೀರ್ಘಪಥಗಳ ಯೋಜನೆಯನ್ನು ರಾಷ್ಟ್ರೀಯ ಆಯೋಗ ರೂಪಿಸಬೇಕು, ಮಂತ್ರಿ ಒಪ್ಪಬೇಕು. ಆದರೆ ದಾರಿಯನ್ನು ಕಡಿಸಿ, ಹಕ್ಕನ್ನು ಪಡೆದು ತೆರೆಯುವ ಕೆಲಸ ಸ್ಥಳೀಯ ಸಂಸ್ಥೆಗಳದು. ಒಡೆಯನೊಡನೆ ಒಪ್ಪಂದವಾದರೆ ಸರಿ; ಆಗದಿದ್ದರೆ ಪರಿಹಾರ ಕೊಟ್ಟು ಆಜ್ಞೆಯ ಮೂಲಕ ದಾರಿಯನ್ನು ಉಂಟುಮಾಡುವ ಅಧಿಕಾರವೂ ಇತ್ತು. ಆ ಅಧಿಕಾರವನ್ನು ಬಳಸಲು ಸ್ಥಳೀಯ ಸಂಸ್ಥೆಗಳು ಹಿಂಜರಿದುವು. ಸಂಸ್ಥೆಯಲ್ಲಿ ಕುಳಿತವರು ಅನೇಕ ವೇಳೆ ಆ ಹೊಲಗಳ ಒಡೆಯರ ನೆರೆಯವರೇ ಆಗಿದ್ದರೆಂದರೆ ಸಾಕು.

ಪರಿಣಾಮ ಊಹಿಸಬಹುದಾದದ್ದೇ. ವೇಲ್ಸಿನ ಪೆಂಬ್ರೋಕ್‌ಷೈರ್ ತೀರಪಥಕ್ಕೆ ಪಕ್ಷಿಶಾಸ್ತ್ರಜ್ಞ ರೊನಾಲ್ಡ್ ಲಾಕ್ಲಿ ಸ್ವತಃ ನಡೆದು ಜಾಡನ್ನು ಗೊತ್ತುಮಾಡಿಕೊಟ್ಟಿದ್ದನು. 1953ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ದಾರಿ ತೆರೆದದ್ದು 1970ರಲ್ಲಿ. 186 ಮೈಲಿಗೆ ಹದಿನೇಳು ವರ್ಷ! ಒಂದೊಂದು ಹೊಲದ ಬೇಲಿಯಲ್ಲೂ ಮಾತುಕತೆ, ಒಂದೊಂದು ತೊರೆಗೂ ಕಾಲುಸಂಕ. ನಮೂದಿಸಬೇಕಾದ ಕೆಲಸವೆಂದರೆ ನೂರಾರು ತಡಮೆಗಳನ್ನು ಇಡಿಸಿದ್ದು. ನೈಋತ್ಯ ಪಥದ ಕಾರ್ನ್‌ವಾಲ್ ಭಾಗಕ್ಕೆ 1950ರ ದಶಕದಲ್ಲಿಯೇ ಸಮ್ಮತಿ ದೊರೆತಿದ್ದರೂ ಅದು ವಿಧ್ಯುಕ್ತವಾಗಿ ತೆರೆದದ್ದು 1973ರಲ್ಲಿ. ದಕ್ಷಿಣ ಡೆವನ್ ಮತ್ತು ಡಾರ್ಸೆಟ್ ಭಾಗಗಳು 1974ರಲ್ಲಿ, ಸಾಮರ್‌ಸೆಟ್ ಮತ್ತು ಉತ್ತರ ಡೆವನ್ 1978ರಲ್ಲಿ ಸೇರಿದುವು.

ತೆರೆಯಿತೆಂದ ಮಾತ್ರಕ್ಕೆ ದಾರಿ ಪೂರ್ಣವಾಯಿತೆಂದಲ್ಲ. ಒಡೆಯರು ಒಪ್ಪದ ಕಡೆಗಳಲ್ಲೆಲ್ಲ ಅದು ಕಡಲನ್ನು ಬಿಟ್ಟು ಒಳಗೆ ಸರಿದು ಮೋಟಾರು ರಸ್ತೆಯ ಪಕ್ಕದಲ್ಲಿ ಸಾಗುತ್ತಿತ್ತು. ಹೆಸರಿಗೆ ತೀರಪಥ, ನಡೆಯುವವನಿಗೆ ಕಾಣುತ್ತಿದ್ದುದು ಎರಡು ಬದಿಯ ಬೇಲಿ. 1973ರಲ್ಲಿ ನಡೆಯುವವರದೇ ಒಂದು ಸಂಘ ಹುಟ್ಟಿತು. ಅದು ಕೈಕೊಂಡ ಕೆಲಸದಲ್ಲಿ ಆಡಂಬರವೇನೂ ಇರಲಿಲ್ಲ: ದಾರಿ ಎಲ್ಲೆಲ್ಲಿ ಕಡಲಿನಿಂದ ದೂರ ಸರಿದಿದೆಯೋ ಅಲ್ಲಲ್ಲಿ ಪಟ್ಟಿ ಮಾಡಿ, ಆ ತುಂಡನ್ನು ಮತ್ತೆ ಅಂಚಿಗೆ ತರಲು ವರ್ಷಗಟ್ಟಲೆ ಪತ್ರ ಬರೆಯುವುದು. ತೀರಪಥದ ಸುಧಾರಣೆಯೆಂದರೆ ಮುಖ್ಯವಾಗಿ ಇದೇ. ಮೆಟ್ಟಿಲು, ಕೈಪಿಡಿ, ಗುರುತುಗಂಬ ಇವು ಆಮೇಲಿನವು. ಇದಕ್ಕೆ ದೊಡ್ಡ ನೆರವಾದದ್ದು ನ್ಯಾಷನಲ್ ಟ್ರಸ್ಟ್ ಸಂಸ್ಥೆ 1965ರಲ್ಲಿ ನೆಪ್ಚೂನ್ ಎಂಬ ಸಮುದ್ರದೇವತೆಯ ಹೆಸರಿನಲ್ಲಿ ಆರಂಭಿಸಿದ ನಿಧಿ. ಸಾರ್ವಜನಿಕರ ವಂತಿಗೆಯಿಂದ ತೀರದ ನೆಲವನ್ನೇ ಕೊಂಡುಬಿಡುವುದು ಅದರ ಉಪಾಯ. ಒಡೆಯನೇ ದಾರಿಗೆ ಮಿತ್ರನಾದಲ್ಲಿ ವ್ಯಾಜ್ಯಕ್ಕೆ ಎಡೆಯಿಲ್ಲ.

ಇನ್ನೊಂದು ತೊಡಕು ನದಿಗಳದು. ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳನ್ನು ಕಂಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಡವಿನ ದೋಣಿ ನಿಂತ ದಿನ ಎದುರು ದಡದ ಊರು ಹತ್ತಾರು ಮೈಲಿ ದೂರ ಸರಿದುಬಿಡುತ್ತದೆ. 1949ರ ಕಾಯಿದೆಯನ್ನು ಬರೆದವರು ಇದನ್ನು ಮರೆಯದೆ, ದೀರ್ಘಪಥಕ್ಕೆ ಬೇಕಾದಲ್ಲಿ ಕಡವನ್ನು ನಡೆಸುವ ಅಧಿಕಾರವನ್ನೂ ಅದರಲ್ಲಿ ಸೇರಿಸಿದ್ದರು. ನೈಋತ್ಯ ಪಥದಲ್ಲಿ ಹೆಲ್‌ಫರ್ಡ್, ಫಾಲ್, ಡಾರ್ಟ್ ಮೊದಲಾದ ಅಳಿವೆಗಳನ್ನು ದೋಣಿಯಲ್ಲಿಯೇ ದಾಟಬೇಕು. ಡೆವನ್ನಿನ ಅರ್ಮ್ ಎಂಬ ಸಣ್ಣ ನದಿಗೆ ಮಾತ್ರ ಕಡವೂ ಇಲ್ಲ, ಸಮೀಪದಲ್ಲಿ ಸೇತುವೆಯೂ ಇಲ್ಲ. ಸಮುದ್ರ ಪೂರ್ಣ ಇಳಿದ ಹೊತ್ತಿಗೆ ಹಿಂದೊಂದು ಗಂಟೆ, ಮುಂದೊಂದು ಗಂಟೆ, ಅಷ್ಟರಲ್ಲಿ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ನೀರಿನಲ್ಲಿ ನಡೆದು ದಾಟತಕ್ಕದ್ದು. ರಾಷ್ಟ್ರದ ಅಧಿಕೃತ ಪಥವೊಂದು ಚಂದ್ರನ ಅನುಮತಿಯನ್ನು ಕಾದು ನಿಲ್ಲುವುದು ಒಂದು ವಿನೋದವೇ ಸರಿ.

ಆದರೆ ಒಡೆಯನ ಬೇಲಿಗಿಂತಲೂ, ನದಿಗಿಂತಲೂ ದೊಡ್ಡ ಸಮಸ್ಯೆ ಬೇರೆಯಿತ್ತು. ಅದನ್ನು 1949ರ ಕಾಯಿದೆ ಕಾಣಲಿಲ್ಲ. ಕಡಲಿನ ಅಂಚು ನಿಂತಲ್ಲಿ ನಿಲ್ಲುವುದಿಲ್ಲ.

ಡೆವನ್ನಿನ ಪೂರ್ವತುದಿಯಲ್ಲಿ, ಆಕ್ಸ್‌ಮತ್ತಿಗೂ ಲೈಮ್ ರೀಜಿಸ್ಸಿಗೂ ನಡುವೆ ಬಿಂಡನ್ ಎಂಬಲ್ಲಿ 1839ರ ಕ್ರಿಸ್ಮಸ್ಸಿನ ವೇಳೆಗೆ ನೆಲ ಬಿರಿಯಿತು. ಬೆಳೆ ನಿಂತ ಹೊಲಗಳ ಒಂದು ದೊಡ್ಡ ಖಂಡವೇ ತಾಯಿನೆಲದಿಂದ ಕಳಚಿ ಕಡಲ ಕಡೆಗೆ ಜಾರಿ, ಹಿಂದೆ ಆಳವಾದ ಕಂದರವನ್ನು ಉಳಿಸಿತು. ಸಮೀಪದಲ್ಲಿಯೇ ಪಾದ್ರಿಯಾಗಿದ್ದ ಭೂವಿಜ್ಞಾನಿ ಕಾನಿಬಿಯರನೂ, ಅವನ ಮಿತ್ರ ಬಕ್‌ಲ್ಯಾಂಡನೂ ಬಂದು ಪರೀಕ್ಷಿಸಿದರು. ಮೇಲಿನ ಪದರಗಳು ನೀರು ಕುಡಿದು ಭಾರವಾಗಿ, ಕೆಳಗಿನ ಮೆತುವಾದ ಪದರದ ಮೇಲೆ ಜಾರಿದುವೆಂದು ಅವರು ವಿವರಿಸಿದ್ದು ಭೂಕುಸಿತದ ಶಾಸ್ತ್ರೀಯ ವರ್ಣನೆಗಳಲ್ಲಿ ಅತ್ಯಂತ ಮೊದಲಿನವುಗಳಲ್ಲೊಂದು. ಕಳಚಿದ ತುಂಡಿನ ಮೇಲೆ ಬೆಳೆದಿದ್ದ ಗೋಧಿಯನ್ನು ಮರುವರ್ಷ, 1840ರಲ್ಲಿ, ಜನಜಂಗುಳಿಯ ಎದುರಿಗೆ ಕೊಯ್ದರು. ಇಂದು ಅದಕ್ಕೆ ಆಡಿನ ದ್ವೀಪವೆಂದು ಹೆಸರು. ಕುಸಿದ ನೆಲವೆಲ್ಲ ಕಾಡಾಗಿ ಬೆಳೆದು 1955ರಿಂದ ರಕ್ಷಿತ ನಿಸರ್ಗಧಾಮವಾಗಿದೆ. ತೀರಪಥ ಆ ಕಾಡಿನೊಳಗಿಂದಲೇ ಸಾಗುತ್ತದೆ.

ಬಿಂಡನ್ನಿನ ಕುಸಿತ ಪ್ರಕೃತಿಯದು. ದಕ್ಷಿಣ ಡೆವನ್ನಿನ ಹಾಲ್‌ಸ್ಯಾಂಡ್ಸ್ ಎಂಬ ಬೆಸ್ತರ ಹಳ್ಳಿಯದು ಹಾಗಲ್ಲ. ಪ್ಲಿಮತ್ತಿನ ನೌಕಾನೆಲೆಯ ಹಡಗುಕಟ್ಟೆಯನ್ನು ವಿಸ್ತರಿಸಲು ಗರಸು ಬೇಕಾಗಿ, 1897ರಿಂದ ಆ ಹಳ್ಳಿಯ ಮುಂದಿನ ಕಡಲ ತಳದಿಂದ ಲಕ್ಷಗಟ್ಟಲೆ ಟನ್ನು ಉರುಟುಗಲ್ಲನ್ನು ಎತ್ತಿದರು. ತೋಡಿದ ಗುಂಡಿಯನ್ನು ಕಡಲು ತಾನೇ ತುಂಬುವುದೆಂದು ನಂಬಿದ್ದರು. ಕಡಲು ತುಂಬಿತು, ಹಳ್ಳಿಯ ಮುಂದಿನ ದಂಡೆಯನ್ನೇ ಎಳೆದು ತುಂಬಿತು. ದಂಡೆ ತಗ್ಗಿದುದನ್ನು ಕಂಡ ಬೆಸ್ತರ ಮೊರೆಯಿಂದ 1902ರಲ್ಲಿ ಪರವಾನಗಿ ರದ್ದಾಯಿತು, ಆದರೆ ಹೋದ ಕಲ್ಲು ಮರಳಲಿಲ್ಲ. 1917ರ ಜನವರಿ 26ರ ರಾತ್ರಿ ಮೂಡಣ ಬಿರುಗಾಳಿಯೂ ದೊಡ್ಡ ಭರತವೂ ಕೂಡಿ ಬಂದುವು. ಬೆಳಗಾದ ಮೇಲೆ ಜನರೆಲ್ಲ ಬದುಕಿದ್ದರು, ಹಳ್ಳಿ ಇರಲಿಲ್ಲ. ವಾಸಕ್ಕೆ ತಕ್ಕ ಒಂದೇ ಒಂದು ಮನೆ ಉಳಿಯಿತು. ತೀರಪಥದಲ್ಲಿ ನಡೆದುಹೋಗುವವರು ಆ ಮುರಿದ ಗೋಡೆಗಳನ್ನು ಮೇಲಿನಿಂದ ನೋಡಬಹುದು.

ಇಂತಹ ನೆಲದಲ್ಲಿ ದಾರಿಯ ಹಕ್ಕಿನ ಗತಿಯೇನು? ಹಳೆಯ ನ್ಯಾಯದ ಉತ್ತರ ನಿಷ್ಠುರವಾಗಿತ್ತು. ಹಕ್ಕು ಇರುವುದು ನಕ್ಷೆಯಲ್ಲಿ ಬರೆದ ಆ ನೆಲದ ಮೇಲೆ. ನೆಲ ಕಡಲಿಗೆ ಬಿದ್ದರೆ ಹಕ್ಕೂ ಅದರೊಂದಿಗೆ ಬಿತ್ತು. ಪಕ್ಕದ ಹೊಲಕ್ಕೆ ಅದು ತಾನಾಗಿ ಸರಿಯಲಾರದು. ಏಕೆಂದರೆ ಆ ಹೊಲದ ಒಡೆಯ ಯಾವ ಹಕ್ಕನ್ನೂ ಯಾರಿಗೂ ಕೊಟ್ಟಿಲ್ಲ. ಆದುದರಿಂದ ಒಂದು ಮಳೆಗಾಲದಲ್ಲಿ ಹತ್ತು ಗಜ ಕುಸಿದರೆ, ಆ ಹತ್ತು ಗಜಕ್ಕೆ ಹೊಸದಾಗಿ ಒಪ್ಪಂದ, ಇಲ್ಲವೆ ಹೊಸದಾಗಿ ಆಜ್ಞೆ, ಆಕ್ಷೇಪಣೆ, ವಿಚಾರಣೆ ಇವೆಲ್ಲ ನಡೆಯಬೇಕು. ಅಷ್ಟರವರೆಗೆ ಮೈಲಿಗಟ್ಟಲೆ ಒಳಸುತ್ತು. ಕಾವಲುಗಾರನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ: ಅಂಚು ಹಿಂದೆ ಸರಿದರೆ ಅವನೂ ಹಿಂದೆ ಸರಿದು ನಡೆದನು, ಅಷ್ಟೇ. ದಾರಿಯನ್ನು ಜನರ ಹಕ್ಕಾಗಿ ನಕ್ಷೆಯಲ್ಲಿ ಭದ್ರಪಡಿಸಿದ್ದೇ ಅದರ ಚಲನಶಕ್ತಿಯನ್ನು ಕಿತ್ತುಕೊಂಡಿತ್ತು.

ಈ ತೊಡಕನ್ನು ಬಿಡಿಸಿದ್ದು 2009ರ ಸಾಗರ ಮತ್ತು ಕರಾವಳಿ ಪ್ರವೇಶದ ಕಾಯಿದೆ. ಇಂಗ್ಲೆಂಡಿನ ಇಡೀ ತೀರವನ್ನು ಸುತ್ತುವ ಸುಮಾರು 2,700 ಮೈಲಿಯ ಪಥವನ್ನು ಗೊತ್ತುಮಾಡುವುದು ಅದರ ಗುರಿ. ನೈಋತ್ಯ ಪಥವೂ ಆ ದೊಡ್ಡ ಸರಪಳಿಯ ಕೊಂಡಿಯಾಗಬೇಕೆಂದು ಯೋಜನೆ. ಉದ್ದವನ್ನು ಹೇಳಿದರೆ ಜನ ಬೆರಗಾಗುತ್ತಾರೆ. ಆದರೆ ಈ ಕಾಯಿದೆಯ ನಿಜವಾದ ಹೊಸತನ ಉದ್ದದಲ್ಲಿಲ್ಲ. ಪಥವನ್ನು ಗೊತ್ತುಮಾಡುವ ವರದಿಯಲ್ಲಿಯೇ, ಅಂಚು ಕುಸಿದಂತೆಲ್ಲ ಪಥ ಒಳಕ್ಕೆ ಸರಿಯುವುದೆಂದು ಬರೆದಿಡಬಹುದು. ಮಂತ್ರಿ ಒಮ್ಮೆ ಅದನ್ನು ಒಪ್ಪಿದರೆ ಆಮೇಲೆ ಪ್ರತಿ ಕುಸಿತಕ್ಕೂ ಹೊಸ ಅಪ್ಪಣೆ ಬೇಕಿಲ್ಲ. ಅಷ್ಟೇ ಅಲ್ಲ, ಪಥಕ್ಕೂ ಕಡಲಿಗೂ ನಡುವೆ ಇರುವ ನೆಲವೂ ಸಾಮಾನ್ಯವಾಗಿ ಸಾರ್ವಜನಿಕರ ಪ್ರವೇಶಕ್ಕೆ ಒಳಪಟ್ಟಿತು. ಮನೆ, ಮನೆಯ ತೋಟ, ಉತ್ತ ಹೊಲ ಇವು ಮಾತ್ರ ಹೊರತು. ಅಳಿವೆ ಬಂದಲ್ಲಿ ಪಥವನ್ನು ಬಾಯಿಯಲ್ಲಿಯೇ ನಿಲ್ಲಿಸಬಹುದು, ಇಲ್ಲವೆ ಮೊದಲನೆಯ ಸೇತುವೆಯವರೆಗೂ ಒಳಗೆ ಕೊಂಡೊಯ್ಯಬಹುದು. ಆ ವಿವೇಚನೆಯನ್ನು ಅಧಿಕಾರಿಗಳಿಗೆ ಬಿಟ್ಟಿದೆ.

ಇದರಲ್ಲಿ ಒಕ್ಕಲಿಗನ ಪಾಲಿಗೆ ನ್ಯಾಯವಾಯಿತೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೆಯ ಕಾಯಿದೆ ಆಜ್ಞೆಯ ದಾರಿಗೆ ಪರಿಹಾರ ಕೊಡುತ್ತಿತ್ತು, ಹೊಸದು ಕೊಡುವುದಿಲ್ಲ. ಬದಲಾಗಿ, ಸಾರ್ವಜನಿಕರ ಹಿತಕ್ಕೂ ನೆಲದೊಡೆಯನ ಹಿತಕ್ಕೂ ಸಮತೂಕವಿರಬೇಕೆಂದು ವಿಧಿಸಿ, ಆಕ್ಷೇಪಣೆಯನ್ನು ಸ್ವತಂತ್ರ ಪರಿಶೀಲಕನು ಕೇಳುವ ಏರ್ಪಾಡನ್ನು ಮಾಡಿದೆ. ಕಡಲು ಮುಂದಿನಿಂದ ಹೊಲವನ್ನು ತಿನ್ನುತ್ತಿರುವಾಗ ದಾರಿ ಅದರ ಹಿಂದೆಯೇ ಒಳಗೆ ಬರುತ್ತಿದ್ದರೆ, ಸಣ್ಣ ಹಿಡುವಳಿಯವನಿಗೆ ಎರಡು ಕಡೆಯಿಂದಲೂ ನಷ್ಟವೆನಿಸುವುದು ಸಹಜ. ಆದರೆ ದಾರಿ ಬೇಡುವುದು ಕೆಲವೇ ಗಜದ ಅಗಲವನ್ನು, ಅದೂ ಅಂಚಿನ ಬರಡು ಹುಲ್ಲಿನ ಮೇಲೆ. ಪರಿಹಾರದ ಬಾಗಿಲನ್ನು ಪೂರ್ತಿ ಮುಚ್ಚಿದ್ದು ಕಠಿನವೆನಿಸಿದರೂ, ಹಕ್ಕನ್ನು ಸರಿಯಬಿಟ್ಟದ್ದು ವಿವೇಕದ ಕೆಲಸವೆಂದೇ ಹೇಳಬೇಕಾಗುತ್ತದೆ.

ಈ ಕಾಯಿದೆಯಂತೆ ಮೊದಲು ತೆರೆದ ಭಾಗ ನೈಋತ್ಯ ಪಥದ ನೆಲದಲ್ಲಿಯೇ ಇದ್ದುದು ಆಕಸ್ಮಿಕವಲ್ಲ. 2012ರ ಒಲಿಂಪಿಕ್ ಹಾಯಿದೋಣಿ ಪಂದ್ಯಗಳು ವೇಮತ್ ಕೊಲ್ಲಿಯಲ್ಲಿ ನಡೆಯಲಿದ್ದುವು. ಅದಕ್ಕೆ ಮುನ್ನ, ಜೂನ್ ತಿಂಗಳಿನಲ್ಲಿ, ಪೋರ್ಟ್‌ಲೆಂಡಿನಿಂದ ಲಲ್‌ವರ್ತ್ ಕೋವಿನವರೆಗಿನ ಸುಮಾರು 20 ಮೈಲಿ ತೆರೆಯಿತು. ಅದೇ ವರ್ಷದ ಮೇ 5ರಂದು ವೇಲ್ಸು ತನ್ನ ಇಡೀ ತೀರದ 870 ಮೈಲಿಯ ಪಥವನ್ನು ತೆರೆದುಬಿಟ್ಟಿತ್ತು. ವೇಲ್ಸಿನವರು ಹೊಸ ಕಾಯಿದೆಯನ್ನು ಕಾಯದೆ, ಹಳೆಯ ಅಧಿಕಾರಗಳಿಂದಲೂ ಒಪ್ಪಂದಗಳಿಂದಲೂ, 2007ರಿಂದ ಸರಕಾರದ ಹಣವನ್ನು ಒದಗಿಸುತ್ತ ಬೇಗ ಮುಗಿಸಿದರು. ಇಂಗ್ಲೆಂಡಿನ ಪಥ 2020ರೊಳಗೆ ಮುಗಿಯಬೇಕೆಂದಿದ್ದುದು ಮುಗಿಯಲಿಲ್ಲ. ರಕ್ಷಿತ ನಿಸರ್ಗನೆಲೆಗಳ ಪರಿಶೀಲನೆಯ ಬಗ್ಗೆ 2018ರಲ್ಲಿ ಐರೋಪ್ಯ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಅನೇಕ ವರದಿಗಳನ್ನು ಮತ್ತೆ ಬರೆಯಬೇಕಾಯಿತು. ಆಮೇಲೆ ಕೋವಿಡ್ ಸಾಂಕ್ರಾಮಿಕ ಬಂದಿತು. 2023ರಲ್ಲಿ ಪಥಕ್ಕೆ ಮೂರನೆಯ ಚಾರಲ್ಸ್ ದೊರೆಯ ಹೆಸರನ್ನಿಟ್ಟರು. ವೇಲ್ಸಿನದು ತ್ವರೆ, ಇಂಗ್ಲೆಂಡಿನದು ಭದ್ರತೆ. ಕುಸಿಯುವ ಅಂಚಿನಲ್ಲಿ ಯಾವುದು ಹೆಚ್ಚು ಬಾಳುವುದೆಂಬುದನ್ನು ಮುಂದಿನ ಬಿರುಗಾಳಿಗಳೇ ತಿಳಿಸಬೇಕು.

ಸರಿಯುವ ಹಕ್ಕಿಗೂ ಮೇರೆಯುಂಟು. ಪಥದ ಬೆನ್ನಿಗೆ ಮನೆಯ ತೋಟವೋ, ವಿಶೇಷ ರಕ್ಷಣೆಗೆ ಒಳಪಟ್ಟ ಸಸ್ಯಪಕ್ಷಿಗಳ ನೆಲೆಯೋ ಇದ್ದರೆ ಅದು ತಾನಾಗಿ ಅದರೊಳಕ್ಕೆ ನುಗ್ಗುವಂತಿಲ್ಲ. ಅಲ್ಲಿ ಒಡೆಯರೊಡನೆಯೂ ಸಂರಕ್ಷಣೆಯವರೊಡನೆಯೂ ಮತ್ತೆ ಮಾತಾಡಿ, ಮನೆಗಳ ಹಿಂಬದಿಯ ಹಾದಿಯನ್ನೋ ಹಳೆಯ ರಸ್ತೆಯನ್ನೋ ಹುಡುಕಬೇಕಾಗುತ್ತದೆ. ಆ ಜಾಗಗಳಲ್ಲಿ ನಡೆಯುವವನು ಐವತ್ತು ವರ್ಷಗಳ ಹಿಂದಿನಂತೆಯೇ ಎರಡು ಬೇಲಿಗಳ ನಡುವೆ ಸಾಗಿ, ಅರ್ಧ ಮೈಲಿಯಾಚೆ ಮತ್ತೆ ಕಡಲಿನ ಬಳಿಗೆ ಇಳಿಯುತ್ತಾನೆ.